ರೋರಿ ಒಂದು ರಾತ್ರಿ ಬಂದರೆ: ಮಗಳಿಗೊಂದು ಪತ್ರ

ಪುಟ್ಟೀ,

ಹೋದ ಭಾನುವಾರ ಫೋನಿಡುವ ಮುಂಚೆ ಕೇಳಿದೆಯಲ್ಲ, "ಅಮ್ಮಾ, ರೋರಿ ಗ್ಯಾಲಹರ್ ಒಂದೇ ಒಂದು ರಾತ್ರಿ ಬಂದು ನುಡಿಸ್ತೀನಿ ಅಂದ್ರೆ ಯಾವ್ಯಾವ ಹಾಡು ಕೇಳ್ತೀಯ?" ಅಂತ. ಆ ಐರಿಷ್ ಬ್ಲೂಸ್-ರಾಕ್ ಗಿಟಾರಿಸ್ಟ್ ತೀರಿಹೋಗಿ ಎಷ್ಟೋ ವರ್ಷವಾಯಿತು, ಆದರೂ ಅವತ್ತಿಂದ ಬೇರೆ ಕೆಲಸವೇ ಓಡುತ್ತಿಲ್ಲ. ಕುಕ್ಕರ್ ಇಟ್ಟು ಪಟ್ಟಿ ಬರೆಯೋದು, ಬಸ್ಸಿನಲ್ಲಿ ನಿಂತು ಅದನ್ನು ಮನಸ್ಸಲ್ಲೇ ತಿದ್ದೋದು. ಇಂಥದ್ದನ್ನು ಫೋನಲ್ಲಿ ಗಡಿಬಿಡಿಯಲ್ಲಿ ಹೇಳೋಕಾಗಲ್ಲ, ಅದಕ್ಕೇ ಈ ಪತ್ರ.

ಮೊದಲು ಜಾಗ. ನೀನು ಈಗ ಅವನು ಬೆಳೆದ ಊರಲ್ಲೇ, ಐರ್ಲೆಂಡಿನ ಕಾರ್ಕ್‌ನಲ್ಲೇ ಓದುತ್ತಿದ್ದೀಯ, ಕಾರ್ಕ್ ಸಿಟಿ ಹಾಲ್ ಅಂತಲೇ ಹಟ ಹಿಡೀತೀಯ. ನಾನು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಅಲ್‌ಸ್ಟರ್ ಹಾಲ್ ಅಂತೀನಿ. ಬಾಂಬು, ಗುಂಡು ಅಂತ ಹೆದರಿ ಬೇರೆ ತಂಡಗಳು ಆ ಊರನ್ನು ಬಿಟ್ಟ ವರ್ಷಗಳಲ್ಲೂ ಇವನು ಬಿಡದೆ ಹೋಗಿ ನುಡಿಸಿದ. ಹೊರಗೆ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಅಂತ ಬೀದಿಬೀದಿ ಒಡೆದುಹೋಗಿದ್ದಾಗ ಒಳಗೆ ಎರಡೂ ಕಡೆಯ ಹುಡುಗರು ಒಟ್ಟಿಗೆ ನಿಂತು ಕೇಳಿದರು. ಈಗ ಆ ಹಾಲ್‌ನ ಎದುರೇ ಅವನ ಪ್ರತಿಮೆ ನಿಂತಿದೆ, 2025ರ ಜನವರಿಯಲ್ಲಿ ನಿಲ್ಲಿಸಿದ್ದು. ನನ್ನ ಪಟ್ಟಿಯ ಸಂಗೀತ ಕಛೇರಿ ಅಲ್ಲೇ. ತಂಡವೂ 1974ರ ಐರಿಷ್ ಟೂರ್‌ನದ್ದೇ: ಬೇಸ್‌ಗೆ ಗೆರಿ ಮೆಕವಾಯ್ (ಬೆಲ್‌ಫಾಸ್ಟ್ ಹುಡುಗನೇ), ಡ್ರಮ್ಸ್‌ಗೆ ರಾಡ್ ಡೆಆತ್, ಪಿಯಾನೋಗೆ ಲೂ ಮಾರ್ಟಿನ್.

ಗಿಟಾರ್ ಅಂತೂ ಅದೇ, 1961ರ ಸ್ಟ್ರಾಟೊಕಾಸ್ಟರ್. 1963ರಲ್ಲಿ ನಿನ್ನ ಊರಿನ ಅಂಗಡಿಯಲ್ಲೇ ಅದನ್ನು ನೂರು ಪೌಂಡಿಗೆ ಕಂತಿನ ಮೇಲೆ ಕೊಂಡ. ಆಗ ಅವನಿಗೆ ಹದಿನೈದು ವರ್ಷ. ಇದೊಂದಿದ್ದರೆ ರಿದಮ್ಮೂ ನಾನೇ ಲೀಡೂ ನಾನೇ, ಇನ್ನೊಬ್ಬ ಗಿಟಾರಿಸ್ಟ್ ಬೇಕಾಗಲ್ಲ ಅಂತ ಅಮ್ಮನ ಹತ್ತಿರ ವಾದ ಮಾಡಿದ್ದನಂತೆ. ನೀನು ನಿನ್ನ ಮೊದಲ ಗಿಟಾರಿಗೆ ನನ್ನ ಹತ್ತಿರ ಹೂಡಿದ ವಾದಗಳೆಲ್ಲ ನೆನಪಾದವು. ಆಮೇಲೆ ಅದು ಡಬ್ಲಿನ್‌ನಲ್ಲಿ ಕಳವಾಗಿ, ಯಾವುದೋ ಚರಂಡಿಯಲ್ಲಿ ಬಿದ್ದು ಸಿಕ್ಕಿತು. ಅವನ ಬೆವರಿಗೆ ಬಣ್ಣವೆಲ್ಲ ಎದ್ದುಹೋಗಿ ಬರೀ ಮರ ಉಳಿಯಿತು. ಫೋಟೋದಲ್ಲಿ ದೊಡ್ಡದು ಮಾಡಿ ನೋಡು, ಅಡಿಗೆಮನೆಯ ಹಳೇ ಮಣೆ ತರಹ ಕಾಣುತ್ತೆ. ಅದನ್ನು ನೋಡಿದಾಗೆಲ್ಲ ನನಗೆ ಗಂಟಲು ಕಟ್ಟುತ್ತೆ.

ಶುರು 'ಕ್ರೇಡಲ್ ರಾಕ್'. ಇದರಲ್ಲಿ ಚರ್ಚೆ ಬೇಡ. ಹಿಂದೆಯೇ, ಉಸಿರಾಡೋಕೆ ಬಿಡದೆ, 'ಟ್ಯಾಟೂಡ್ ಲೇಡಿ'. ಜಾತ್ರೆಯ ಡೇರೆಗಳಲ್ಲಿ ಬದುಕುವ ಜನರ ಹಾಡು ಅದು, ಊರೂರು ತಿರುಗುವವನೇ ಬರೆಯಬೇಕಾದದ್ದು. ಮೂರನೆಯದು 'ಕಾಲಿಂಗ್ ಕಾರ್ಡ್'. ಲೂ ಮಾರ್ಟಿನ್‌ನ ಪಿಯಾನೋಗೆ ಜಾಗ ಬೇಕಲ್ಲ. ಆಮೇಲೆ ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ಗೆ ನಮಸ್ಕಾರ ಅನ್ನೋ ಹಾಗೆ 'ಐ ವಂಡರ್ ಹೂ'. 1971ರಲ್ಲಿ ಮಡ್ಡಿ ಲಂಡನ್‌ನಲ್ಲಿ ರೆಕಾರ್ಡ್ ಮಾಡಿದಾಗ ಪಕ್ಕದಲ್ಲಿ ಕೂತು ನುಡಿಸಿದ ಹುಡುಗ ಇವನು. ಗುರುವಿನ ಹಾಡನ್ನು ಗುರುವಿನ ಹಾಗೆ ಹಾಡದೆ ತನ್ನದೇ ದನಿಯಲ್ಲಿ ಹಾಡಿದ, ಅದು ನನಗೆ ಇಷ್ಟ.

ಇಲ್ಲಿ ತಂಡ ಕೆಳಗಿಳಿಯಲಿ. ಅವನೊಬ್ಬನೇ ಉಳಿಯಲಿ. ಇಡೀ ರಾತ್ರಿಯಲ್ಲಿ ನಾನು ಕಾಯೋದು ಈ ಇಪ್ಪತ್ತು ನಿಮಿಷಕ್ಕೆ. ಲೋಹದ ಮೈಯ ಗಿಟಾರ್, ಕತ್ತಿಗೆ ಹಾರ್ಮೋನಿಕಾ ಹಾಕಿಕೊಂಡು 'ಆ್ಯಸ್ ದ ಕ್ರೋ ಫ್ಲೈಸ್'. ಆಮೇಲೆ ಅಮೆರಿಕದ ಹಳೇ ಗಾಯಕ ಲೆಡ್ ಬೆಲಿಯ 'ಔಟ್ ಆನ್ ದ ವೆಸ್ಟರ್ನ್ ಪ್ಲೇನ್'. ಇದನ್ನು ಗಮನವಿಟ್ಟು ಕೇಳು ಪುಟ್ಟೀ. ಇದಕ್ಕೆ ಅವನು ತಂತಿಗಳನ್ನು ಡಿ-ಎ-ಡಿ-ಜಿ-ಎ-ಡಿ ಅಂತ ಕೂಡಿಸುತ್ತಾನೆ. ಡಿ ಅನ್ನು ಷಡ್ಜ ಅಂತ ಹಿಡಿದರೆ ಏನಾಯಿತು? ಸ-ಪ-ಸ-ಮ-ಪ-ಸ! ಅಮೆರಿಕದ ಕೌಬಾಯ್ ಹಾಡು, ಐರ್ಲೆಂಡಿನ ಕೈ, ಕೆಳಗೆ ನಮ್ಮ ತಂಬೂರಿಯ ಹಾಗೆ ಬಿಡದೆ ಮೊಳಗುವ ಶ್ರುತಿ. ಪಾಠಕ್ಕೆ ಹೋಗಲ್ಲ ಅಂತ ನೀನು ಅಳುತ್ತಿದ್ದಾಗ ನಾನು ತಂಬೂರಿ ಮೀಟಿ ಮಲಗಿಸುತ್ತಿದ್ದೆ, ಅದೇ ನಾದ. ಆಮೇಲೆ ಮ್ಯಾಂಡೊಲಿನ್ ಎತ್ತಿಕೊಂಡು 'ಗೋಯಿಂಗ್ ಟು ಮೈ ಹೋಮ್‌ಟೌನ್'. ಇದಕ್ಕೆ ಡ್ರಮ್ಸ್ ಬೇಡ, ಜನರ ಕಾಲೇ ಸಾಕು.

ತಂಡ ಮತ್ತೆ ಮೇಲೆ ಬಂದು 'ವಾಕ್ ಆನ್ ಹಾಟ್ ಕೋಲ್ಸ್', ಆಮೇಲೆ 'ಬುಲ್‌ಫ್ರಾಗ್ ಬ್ಲೂಸ್'. ಅದರಲ್ಲಿ ಬೇಸ್‌ಗೂ ಡ್ರಮ್ಸ್‌ಗೂ ಬೇರೆಬೇರೆ ಸರದಿ, ನಮ್ಮ ತನಿ ಆವರ್ತನದ ಹಾಗೆಯೇ. 'ಶ್ಯಾಡೋ ಪ್ಲೇ' 1978ರದ್ದು, ಆಗ ಡ್ರಮ್ಸ್‌ನಲ್ಲಿ ಟೆಡ್ ಮೆಕೆನಾ ಇದ್ದ. ಹಾಗಾಗಿ ಅದನ್ನು ಈ ತಂಡಕ್ಕೆ ಕೊಡಲೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ಕೊಟ್ಟೆ. ಅದಿಲ್ಲದೆ ಮನೆಗೆ ಹೋಗೋದು ಹೇಗೆ?

ಕೊನೆಗೆ 'ಎ ಮಿಲಿಯನ್ ಮೈಲ್ಸ್ ಅವೇ'. ಅಷ್ಟು ನಿಧಾನದ ಹಾಡನ್ನು ಯಾರಾದರೂ ಕೊನೆಗೆ ಇಡ್ತಾರಾ ಅಂತೀಯ, ಗೊತ್ತು. ಕಾರಣ ಇದೆ. ನಿನ್ನ ಸೋದರಮಾವ ಹಾಸ್ಟೆಲ್‌ನಿಂದ ನನಗೆ ತುಂಬಿಸಿಕೊಂಡು ಬಂದ ಕ್ಯಾಸೆಟ್ಟಿನಲ್ಲಿ ಈ ಹಾಡು ಎ ಸೈಡಿನ ಕೊನೆಗಿತ್ತು. ಒಂಬತ್ತು ನಿಮಿಷ ಮೀರಿದ ಹಾಡು. ಗಿಟಾರ್ ಮೆಲ್ಲಗೆ ಏರುತ್ತಾ, ಇನ್ನೇನು ತುದಿ ಮುಟ್ಟಬೇಕು ಅನ್ನುವಾಗ ಟೇಪ್ ಮುಗಿದು ಟಕ್ ಅಂತ ಬಟನ್ ಮೇಲೇಳುತ್ತಿತ್ತು. ಎಷ್ಟೋ ವರ್ಷ ನನಗೆ ಆ ಹಾಡು ಅಲ್ಲಿಗೇ ಮುಗಿದಿತ್ತು. 1995ರ ಜೂನ್ 14ರಂದು ಲಂಡನ್‌ನ ಆಸ್ಪತ್ರೆಯಲ್ಲಿ, ಪಿತ್ತಜನಕಾಂಗದ ಕಸಿಯಾದ ಮೇಲೆ ಸೋಂಕು ತಗುಲಿ ಅವನು ಹೋದ. ನಲವತ್ತೇಳೇ ವರ್ಷ. ಅವನು ಹೋದ ಸುದ್ದಿ ತಿಳಿದ ರಾತ್ರಿಯೂ ನಾನು ಅದೇ ಕ್ಯಾಸೆಟ್ ಹಾಕಿದ್ದೆ, ಅದೇ ಜಾಗದಲ್ಲಿ ಟಕ್ ಅಂತು. ಅದಕ್ಕೇ ಅಲ್‌ಸ್ಟರ್ ಹಾಲ್‌ನಲ್ಲಿ ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟಿದ್ದೀನಿ. ಅದರ ಹಿಂದೆ ಬೇರೆ ಹಾಡು ಕಾಯುತ್ತಿರಬಾರದು. ಅವನು ಎಷ್ಟು ಹೊತ್ತು ಬೇಕಾದರೂ ನುಡಿಸಲಿ.

ಬಾಲಿನ್‌ಕಾಲಿಗ್ ನಿನಗೆ ಹತ್ತಿರವೇ ಅಲ್ಲವಾ? ಅಲ್ಲಿನ ಸೇಂಟ್ ಆಲಿವರ್ಸ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಬಿಡುವಾದಾಗ ನನ್ನ ಪರವಾಗಿ ನಾಲ್ಕು ಹೂವು ಇಟ್ಟು ಬಾ.

ಈ ಭಾನುವಾರ ನಿನ್ನ ಗಿಟಾರಿನ ಒಂದು, ಎರಡು, ಆರನೇ ತಂತಿಗಳನ್ನು ಒಂದೊಂದು ಪೂರ್ತಿ ಸ್ವರ ಇಳಿಸಿಕೊಂಡು ಫೋನ್ ಮಾಡು. ನಾನು ಇಲ್ಲಿ ಶ್ರುತಿಪೆಟ್ಟಿಗೆಯನ್ನು ಡಿಗೆ ಇಟ್ಟುಕೊಂಡು ಕೂತಿರ್ತೀನಿ. ಎರಡೂ ಕೂಡುತ್ತಾ ನೋಡೋಣ.

ನಿನ್ನ
ಅಮ್ಮ