ಬಿಳಿ ಮರುಭೂಮಿಗೆ ಯಾವ ತಿಂಗಳು ಹೋಗಬೇಕು, ಅದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಗುಜರಾತಿನ ಕಛ್‌ನ ಬಿಳಿ ಮರುಭೂಮಿಯ ಫೋಟೊ ಅರ್ಧ ಪುಟ ಹಾಕಿದ್ದೀರಿ. ಹುಣ್ಣಿಮೆ, ಒಂಟೆ, ಕೆಂಪು ಲಂಗದ ಹುಡುಗಿ. ಫೋಟೊ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಇಂಥದ್ದೇ ಒಂದು ಫೋಟೊ ನಂಬಿಕೊಂಡು ನಾನೂ ನನ್ನ ಹೆಂಡತಿಯೂ ಹೋಗಿ ಬಂದಿದ್ದೇವೆ. ಅದು ಯಾವ ಪತ್ರಿಕೆಯಲ್ಲಿ ಬಂದಿತ್ತು ಅಂತ ಈಗ ಬೇಡ. ಅದರ ಕೆಳಗೆ ಎರಡು ಸಾಲು ಜಾಸ್ತಿ ಬರೆದಿದ್ದರೆ ನಾವು ಉಪ್ಪು ನೋಡಲು ಹೋಗಿ ಕೆಸರು ನೋಡಿಕೊಂಡು ಬರುತ್ತಿರಲಿಲ್ಲ.

ನಾನು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವವನು. ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿನಲ್ಲಿ ಹುರಿಯುವುದು ನಮ್ಮ ಕಸುಬು. ಉಪ್ಪು ಸರಿಯಾಗಿ ಹಿಡಿಯದಿದ್ದರೆ ಮಂಡಕ್ಕಿ ಅರಳುವುದಿಲ್ಲ, ಮುರುಟಿಕೊಳ್ಳುತ್ತದೆ. ನಮಗೆ ಬರುವ ಉಪ್ಪಿನ ಚೀಲದ ಮೇಲೆ ಗಾಂಧಿಧಾಮ ಅಂತ ಅಚ್ಚಾಗಿರುತ್ತದೆ, ಕಛ್ ಜಿಲ್ಲೆಯ ಊರು ಅದು. ಮೂವತ್ತು ವರ್ಷದಿಂದ ಆ ಹೆಸರು ಓದುತ್ತಾ ಇದ್ದೇನೆ. ಒಂದು ಸಲ ಆ ಊರು ನೋಡಬೇಕು ಅನ್ನುವುದು ನನ್ನ ಹುಚ್ಚು. 'ಉಪ್ಪು ನೋಡೋಕೆ ಅಷ್ಟು ದೂರ ಹೋಗ್ಬೇಕೇನ್ರೀ, ಅಡುಗೆಮನೆಗೆ ಬನ್ನಿ ಸಾಕು' ಅಂದಳು ಹೆಂಡತಿ. ಸಮುದ್ರ ಇದೆ, ಕಾಡುಪ್ರಾಣಿ ಇದೆ ಅಂತ ಹೇಳಿ ಒಪ್ಪಿಸಿದೆ.

ನಮಗೆ ಆಯುಧಪೂಜೆಯಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ. ಊರಿನ ಪ್ರತಿ ಲಾರಿಗೂ ಅಂಗಡಿಗೂ ಮಂಡಕ್ಕಿ ಬೇಕು. ದೀಪಾವಳಿ ಮುಗಿದ ಮೇಲೆ ಸ್ವಲ್ಪ ಉಸಿರು. ಹಾಗಾಗಿ ನವೆಂಬರ್ ಮೊದಲ ವಾರ ಭಟ್ಟಿಯನ್ನು ಮಗನ ಕೈಗೆ ಕೊಟ್ಟು ಹೊರಟೆವು. ಬೆಂಗಳೂರಿನಿಂದ ಹುಬ್ಬಳ್ಳಿ, ಪುಣೆ ಮೇಲೆ ಗಾಂಧಿಧಾಮಕ್ಕೆ ವಾರಕ್ಕೊಂದು ರೈಲಿದೆ. ನಮ್ಮೂರಲ್ಲೇ ಹತ್ತಿದೆವು. ಒಂದೂವರೆ ದಿನದ ದಾರಿ. ಸಾಮಾನಿನ ಜತೆ ಎರಡು ಚೀಲ ಮಂಡಕ್ಕಿ, ಒಂದು ಡಬ್ಬಿ ಖಾರದ ಪುಡಿ. ದಾವಣಗೆರೆಯವರು ಅಂದ ಮೇಲೆ ಕೇಳಬೇಕೆ. ಕೊನೆಯ ಬೆಳಿಗ್ಗೆ ಸೂರಜ್‌ಬಾರಿ ಸೇತುವೆ ದಾಟುವಾಗ ಎರಡೂ ಕಡೆ ಉಪ್ಪಿನ ಗುಡ್ಡೆಗಳು ಕಂಡವು. ನಮ್ಮ ಕಡೆ ಮೆಕ್ಕೆಜೋಳ ರಾಶಿ ಹಾಕಿದ ಹಾಗೆ, ಸಾಲಿಗೆ ಸಾಲು. ನಾನು ಕಿಟಕಿ ಬಿಟ್ಟು ಏಳಲಿಲ್ಲ.

ಕಛ್ ಜಿಲ್ಲೆ ಎಷ್ಟು ದೊಡ್ಡದು ಅಂತ ಯಾವ ಪ್ರವಾಸ ಲೇಖನವೂ ಸರಿಯಾಗಿ ಹೇಳುವುದಿಲ್ಲ. 45,674 ಚದರ ಕಿಲೋಮೀಟರ್. ಅಂದರೆ ನಮ್ಮ ಇಡೀ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಕಾಲು ಪಾಲು, ಒಂದೇ ಜಿಲ್ಲೆ! ನಕ್ಷೆಯಲ್ಲಿ ಒಂದು ಬೆರಳಿನಷ್ಟು ಅಂತರ ಕಂಡರೆ ಅದು ಅರ್ಧ ದಿನದ ಪ್ರಯಾಣ. 'ಎರಡು ದಿನದಲ್ಲಿ ಕಛ್' ಅಂತ ಬರೆಯುವವರು ಯಾವ ವಾಹನದಲ್ಲಿ ಹೋಗಿರುತ್ತಾರೋ ಗೊತ್ತಿಲ್ಲ.

ಭುಜ್‌ನಲ್ಲಿ ರೂಮು ಮಾಡಿ ಒಂದು ಕಾರು ಗೊತ್ತು ಮಾಡಿಕೊಂಡು ಧೋರ್ಡೋಗೆ ಹೋದೆವು. ನಿಮ್ಮ ಫೋಟೊದ ಜಾಗ ಅದೇ. ದಾರಿಯಲ್ಲಿ ಭಿರಂಡಿಯಾರಾದಲ್ಲಿ ಪರವಾನಗಿ ಚೀಟಿ ತೆಗೆದುಕೊಳ್ಳಬೇಕು, ಗುರುತಿನ ಚೀಟಿ ಬೇಕು. ಗಡಿ ಹತ್ತಿರ ನೋಡಿ. ಅಲ್ಲಿ ಖೋವಾ ಚೆನ್ನಾಗಿರುತ್ತದೆ, ಬನ್ನಿ ಅನ್ನುವ ಹುಲ್ಲುಗಾವಲಿನ ಎಮ್ಮೆ ಹಾಲಿನದು. ಸರಿ, ತಿಂದು ಹೋದರೆ ಮುಂದೆ ಬಿಳಿ ಇಲ್ಲ. ನೀರು. ಆಕಾಶದ ಬಣ್ಣದ ತೆಳ್ಳಗಿನ ನೀರು, ಅಂಚಿಗೆ ಒಂದು ಗೇಣು ಬೂದು ಬಣ್ಣದ ಉಪ್ಪು. ರಣ್ ಅಂದರೆ ಈ ಉಪ್ಪಿನ ಬಯಲು, ಮಳೆಗಾಲದಲ್ಲಿ ಪೂರ್ತಿ ಮುಳುಗುತ್ತದೆ. ನೀರು ಇಂಗಿ, ಆರಿ, ಉಪ್ಪು ಗಟ್ಟಿಯಾಗಿ ಬೆಳ್ಳಗೆ ಕಾಣಬೇಕಾದರೆ ಮಳೆ ಚೆನ್ನಾಗಿ ಬಂದ ವರ್ಷ ಡಿಸೆಂಬರ್ ಕಳೆಯಬೇಕಂತೆ. ಇದನ್ನು ಹೇಳಿದ್ದು ಅಲ್ಲಿನ ಚಹದಂಗಡಿಯವನು. ಮೊದಲೇ ಹೇಳಬೇಕಾದದ್ದು ಆ ಫೋಟೊ ಹಾಕಿದವರು, ಅಲ್ವಾ? ಹೆಂಡತಿ ಬಹಳ ಹೊತ್ತು ನೀರನ್ನೇ ನೋಡುತ್ತಾ ನಿಂತು, 'ಇದಕ್ಕಿಂತ ನಮ್ಮ ಶಾಂತಿಸಾಗರ ಕೆರೆಯೇ ಚೆಂದ' ಅಂದಳು. ನಾನು ಮಾತಾಡಲಿಲ್ಲ.

ಮರುದಿನ ಖಾವಡಾ ಮೇಲೆ ಧೋಲಾವೀರಾಕ್ಕೆ. ರಣ್ ನಡುವೆ ಸೀಳಿಕೊಂಡು ಹೋಗುವ ಹೊಸ ರಸ್ತೆ. ಎರಡೂ ಕಡೆ ದಿಗಂತದವರೆಗೆ ನೀರು, ದೂರದಲ್ಲಿ ಗುಲಾಬಿ ಗೆರೆ ಎಳೆದ ಹಾಗೆ ರಾಜಹಂಸಗಳು. ಇದನ್ನು ನೋಡಿ ಹೆಂಡತಿಯ ಸಿಟ್ಟು ಇಳಿಯಿತು. ಆದರೆ ಆ ದಾರಿಯಲ್ಲಿ ಅಂಗಡಿ ಇಲ್ಲ, ಮರ ಇಲ್ಲ, ಪೊದೆಯೂ ಇಲ್ಲ. ನಾವು ಎರಡು ಬಾಟಲಿ ನೀರು ಇಟ್ಟುಕೊಂಡಿದ್ದೆವು, ಅರ್ಧ ದಾರಿಗೇ ಖಾಲಿ. ಮಂಡಕ್ಕಿ ಖಾರ ತಿಂದು ಬೇರೆ ಕೂತಿದ್ದೆವು. ಇನ್ನೊಂದು ಮಾತು ಬರೆಯಲು ಸಂಕೋಚ, ಆದರೂ ಬರೆಯುತ್ತೇನೆ. ಹೆಂಗಸರಿಗೆ ಮರೆ ಅನ್ನುವುದೇ ಇಲ್ಲ. ಕೊನೆಗೆ ಕಾರಿನ ಎರಡು ಬಾಗಿಲು ತೆಗೆದು, ನಡುವೆ ನನ್ನ ಪಂಚೆ ಕಟ್ಟಿದೆ. ಡ್ರೈವರ್ ಹುಡುಗ ಪಾಪ, ಹೇಳದೆಯೇ ನೂರು ಹೆಜ್ಜೆ ಮುಂದೆ ಹೋಗಿ ಆ ಕಡೆ ತಿರುಗಿ ನಿಂತ. ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದವರು ಇಂಥ ದಾರಿಗೆ ಹೊರಡುವ ಮುಂಚೆ ಗೊತ್ತಿರಬೇಕಾದ ಮೊದಲ ವಿಷಯ ಇದು. ಸೂರ್ಯಾಸ್ತದ ವರ್ಣನೆ ಆಮೇಲೆ.

ಧೋಲಾವೀರಾ ಹರಪ್ಪಾ ಕಾಲದ ಊರು. 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಹಾಳು ಗೋಡೆ ಏನು ನೋಡುವುದು ಅಂದುಕೊಂಡು ಹೋದ ನಾನು ಅಲ್ಲಿಂದ ಹೊರಡಲು ಒಪ್ಪಲಿಲ್ಲ. ಕಾರಣ ಅಲ್ಲಿನ ಹೊಂಡಗಳು. ಒಂದಂತೂ 73 ಮೀಟರ್ ಉದ್ದ, 29 ಮೀಟರ್ ಅಗಲ, ಇಳಿಯಲು ಕಲ್ಲಿನ ಮೆಟ್ಟಿಲು. ಊರಿನ ಎರಡು ಪಕ್ಕ ಎರಡು ಹಳ್ಳ, ಮಳೆ ಬಂದಾಗ ಮಾತ್ರ ಹರಿಯುವಂಥವು. ಅವಕ್ಕೆ ಅಡ್ಡಕಟ್ಟೆ ಹಾಕಿ, ಒಂದು ಹೊಂಡ ತುಂಬಿದರೆ ಇನ್ನೊಂದಕ್ಕೆ ಹೋಗುವ ಹಾಗೆ ಇಳಿಜಾರು ನೋಡಿ ಕಟ್ಟಿದ್ದಾರೆ. ನನ್ನ ಹೆಂಡತಿಯ ತವರು ಚಿತ್ರದುರ್ಗ. ಚಿಕ್ಕಂದಿನಲ್ಲಿ ಕೋಟೆಯಲ್ಲೇ ಆಡಿ ಬೆಳೆದವಳು. ಮೆಟ್ಟಿಲ ಮೇಲೆ ಕೂತು, 'ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ ಬರೋದು ಹೀಗೇ ಅಲ್ವೇನ್ರೀ, ನಮ್ಮ ದುರ್ಗದವರು ಇಲ್ಲೂ ಬಂದಿದ್ರಾ?' ಅಂದಳು. ನಾಲ್ಕೂವರೆ ಸಾವಿರ ವರ್ಷದ ಹಿಂದಿನದು ಕಣೇ ಅಂದೆ. 'ಹಾಗಾದ್ರೆ ಇಲ್ಲಿಯವರು ದುರ್ಗಕ್ಕೆ ಬಂದಿರ್ತಾರೆ ಬಿಡಿ' ಅಂದಳು. ದುರ್ಗದವರ ಜತೆ ವಾದ ಮಾಡಬಾರದು.

ಕರಾವಳಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಮಾಂಡ್ವಿಯಲ್ಲಿ ರುಕ್ಮಾವತಿ ನದಿಯ ದಡದಲ್ಲಿ ಈಗಲೂ ಮರದ ಹಡಗು ಕಟ್ಟುತ್ತಾರೆ. ಮೂರು ಮಹಡಿ ಮನೆಯಷ್ಟು ಎತ್ತರದ ಅಸ್ಥಿಪಂಜರದ ಕೆಳಗೆ ನಿಂತು ನೋಡಿದೆವು. ಅಲ್ಲಿಂದ ಪಶ್ಚಿಮದ ಕೊನೆ ಕೋಟೇಶ್ವರ. ಗುಡಿಯ ಹಿಂದೆ ಸಮುದ್ರದ ಹಿನ್ನೀರು, ಅದರಾಚೆ ಪಾಕಿಸ್ತಾನ. ಲಖ್‌ಪತ್ ಅನ್ನುವ ಕೋಟೆ ಊರು ಒಂದು ಕಾಲದಲ್ಲಿ ದೊಡ್ಡ ಬಂದರು. 1819ರ ಭೂಕಂಪದಲ್ಲಿ ನೆಲ ಎದ್ದು ಸಿಂಧೂ ನದಿಯ ನೀರು ಆಚೆ ತಿರುಗಿತು, ಬಂದರು ಹೋಯಿತು. ಕೋಟೆ ಗೋಡೆ ಉಳಿದಿದೆ, ಒಳಗೆ ಊರು ಇಲ್ಲದ ಹಾಗೆ. ಈ ಕಡೆ ಖಾರಾಯಿ ಅನ್ನುವ ಒಂಟೆಗಳಿವೆ. ಸಮುದ್ರದಲ್ಲಿ ಈಜಿಕೊಂಡು ಹೋಗಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಎಲೆ ತಿಂದು ಬರುತ್ತವೆ. ಒಂಟೆ ಈಜುವುದನ್ನು ನೋಡಲೇಬೇಕು ಅಂತ ಒಂದಿಡೀ ಮಧ್ಯಾಹ್ನ ದಡದಲ್ಲಿ ಕೂತೆವು. ಬರಲಿಲ್ಲ. ಅದಕ್ಕೂ ಹೊತ್ತು ಗೊತ್ತಿರಬೇಕು.

ಕೊನೆಗೆ ಚಿಕ್ಕ ರಣ್, ಇಂಥದ್ದೇ ಇನ್ನೊಂದು ಬಯಲು. ಬಜಾಣಾ ಕಡೆಯಿಂದ ಜೀಪಿನಲ್ಲಿ ಒಳಗೆ ಹೋದೆವು. ಕಾಡುಕತ್ತೆ ಅಭಯಾರಣ್ಯ ಅದು, 4,954 ಚದರ ಕಿಲೋಮೀಟರ್. ಗುಜರಾತಿಯಲ್ಲಿ ಘುಡ್‌ಖರ್ ಅನ್ನುತ್ತಾರೆ. ಕತ್ತೆ ಅಂದರೆ ನಮ್ಮ ಅಗಸರ ಕತ್ತೆ ಮನಸ್ಸಿನಲ್ಲಿತ್ತು. ಇದು ಬೇರೆ. ಮೈ ಮರಳಿನ ಬಣ್ಣ, ಹೊಟ್ಟೆ ಬಿಳಿ, ಕುತ್ತಿಗೆಯಿಂದ ಬಾಲದವರೆಗೆ ಬೆನ್ನ ಮೇಲೆ ಕಡುಕಂದು ಪಟ್ಟೆ. ಹತ್ತು ಹನ್ನೆರಡು ಇದ್ದವು. ಜೀಪು ನಿಲ್ಲಿಸಿದ ಕೂಡಲೇ ಕಿವಿ ಎಲ್ಲವೂ ಒಂದೇ ಸಲ ನಮ್ಮ ಕಡೆ ತಿರುಗಿದವು. ಆಮೇಲೆ ಓಡಿದವು ನೋಡಿ, ಕುದುರೆ ನಾಚಬೇಕು. 1960ರ ದಶಕದಲ್ಲಿ ರೋಗ ಬಂದು ನಾನೂರಕ್ಕಿಂತ ಕಡಿಮೆ ಉಳಿದಿದ್ದವಂತೆ. 2024ರ ಗಣತಿಯಲ್ಲಿ 7,672. ಎಲ್ಲೆಲ್ಲೂ ಒಂದು ಮುಳ್ಳಿನ ಗಿಡ, ನೋಡಿದರೆ ನಮ್ಮ ಬಳ್ಳಾರಿ ಜಾಲಿ! ಅಲ್ಲಿ ಅದಕ್ಕೆ ಗಾಂಡೋ ಬಾವಳ, ಹುಚ್ಚು ಜಾಲಿ ಅಂತ ಹೆಸರು. ಇದರ ಕಾಯಿ ತಿಂದು ಬೀಜ ಹರಡುವುದರಲ್ಲಿ ಕತ್ತೆಗಳ ಪಾಲೂ ಇದೆ. ನಮ್ಮಲ್ಲಿ ಕುರಿ ಮೇಕೆ ಆ ಕೆಲಸ ಮಾಡುತ್ತವೆ.

ಫೋಟೊ ತೆಗೆಯಲು ಜೀಪಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟೆ. ನೆಲ ಒಣಗಿ ಬಿರುಕು ಬಿಟ್ಟಿತ್ತು. ಐದನೇ ಹೆಜ್ಜೆಗೆ ಹಪ್ಪಳ ಮುರಿದ ಹಾಗೆ ಸದ್ದಾಯಿತು, ಮೊಣಕಾಲವರೆಗೆ ಹೂತುಹೋದೆ. ಮೇಲೆ ಒಂದು ಬೆರಳು ದಪ್ಪ ಗಟ್ಟಿ, ಕೆಳಗೆ ಕರಿ ಕೆಸರು, ಐಸಿನಷ್ಟು ತಣ್ಣಗೆ. ಜೀಪಿನವನು ಬೈಯುತ್ತಲೇ ಎಳೆದು ತೆಗೆದ. ಒಂದು ಚಪ್ಪಲಿ ಇವತ್ತಿಗೂ ಅಲ್ಲೇ ಇದೆ. ಗುರುತು ಬಲ್ಲವರು ಇಲ್ಲದೆ ಒಳಗೆ ಗಾಡಿ ಓಡಿಸಿಕೊಂಡು ಹೋಗುವ ಸಾಹಸ ಯಾರೂ ಮಾಡಬೇಡಿ. ಬುಲೆಟ್ ಏರಿ ಹೊರಡುವ ನಮ್ಮ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆ ಕೆಸರಿನಲ್ಲೇ ಸ್ವಲ್ಪ ಮುಂದೆ ಒಂದು ಸಂಸಾರ ಸಾಲಾಗಿ ನಿಂತು ಕಾಲಿನಿಂದ ನೆಲ ತುಳಿಯುತ್ತಿತ್ತು. ಗಂಡ, ಹೆಂಡತಿ, ಹದಿನಾರು ಹದಿನೇಳರ ಮಗಳು. ಒಬ್ಬರ ಹಿಂದೆ ಒಬ್ಬರು, ಹಿಮ್ಮಡಿ ಒತ್ತಿ, ಒಂದೊಂದೇ ಹೆಜ್ಜೆ. ಉಪ್ಪು ಮಾಡುವ ಅಗರಿಯಾ ಜನ ಅವರು. ಪಾತಿಯ ತಳದಲ್ಲಿ ನೀರು ಇಂಗದಿರಲಿ ಅಂತ ದಿನಗಟ್ಟಲೆ ಹೀಗೆ ತುಳಿಯಬೇಕು. ಆಮೇಲೆ ನೆಲದೊಳಗಿನ ಉಪ್ಪುನೀರನ್ನು ಪಂಪಿನಲ್ಲಿ ಎತ್ತಿ ಹಾಯಿಸಿ, ಹಲ್ಲಿನ ಕುಂಟೆಯಂಥದ್ದರಲ್ಲಿ ಕೆದಕುತ್ತಾ ಇದ್ದರೆ ಬೇಸಿಗೆಗೆ ಹರಳು ಕಟ್ಟುತ್ತದೆ. ಮಳೆಗಾಲ ಮುಗಿದ ಮೇಲೆ ಬಂದರೆ ಮತ್ತೆ ಮಳೆ ಬರುವ ಹೊತ್ತಿಗೆ ವಾಪಸು. ಅಲ್ಲಿಯವರೆಗೆ ಆ ಬಯಲಲ್ಲೇ ಗುಡಿಸಲು, ಕುಡಿಯುವ ನೀರು ಟ್ಯಾಂಕರಿನದು. ತಲೆತಲಾಂತರದಿಂದ ಮಾಡುತ್ತಿದ್ದರೂ ಬಹಳ ಜನರ ಕೈಯಲ್ಲಿ ಆ ನೆಲದ ಕಾಗದಪತ್ರ ಇಲ್ಲ.

ನಾನು ಚೀಲ ಬಿಚ್ಚಿ ಮಂಡಕ್ಕಿ ಕೊಟ್ಟೆ. 'ಮಮ್ರಾ!' ಅಂದಳು ಆಯಮ್ಮ. ಮಂಡಕ್ಕಿಗೆ ಅಲ್ಲಿ ಅದೇ ಹೆಸರು. ನನ್ನ ಕಸುಬು ಇದೇ ಅಂತ ಜೀಪಿನವನ ಕೈಲಿ ಹೇಳಿಸಿದೆ. ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಅಗಿದು, ನೆಲ ತೋರಿಸಿ 'ಮೀಠು' ಅಂದಳು. ಸಿಹಿಯಾಗಿದೆ ಅಂದಳು ಅಂತ ನನ್ನ ಹೆಂಡತಿಗೆ ಖುಷಿ. ಗುಜರಾತಿಯಲ್ಲಿ ಮೀಠು ಅಂದರೆ ಉಪ್ಪಂತೆ. ಆಯಮ್ಮನ ಕಾಲು ನೋಡಿದೆ. ಹಿಮ್ಮಡಿಯಿಂದ ಕಣಕಾಲವರೆಗೆ ಚರ್ಮ ಬೆಳ್ಳಗೆ ಗಟ್ಟಿಯಾಗಿ, ಅಲ್ಲಲ್ಲಿ ಸೀಳಿತ್ತು. ಸತ್ತಾಗ ಚಿತೆಯಲ್ಲಿ ಅವರ ಪಾದ ಬೇಗ ಸುಡುವುದಿಲ್ಲ ಅನ್ನುತ್ತಾರೆ ಅಲ್ಲಿ. ದೇಶದ ಮುಕ್ಕಾಲು ಪಾಲು ಉಪ್ಪು ಗುಜರಾತಿನದು. ನಮ್ಮ ಭಟ್ಟಿಯಲ್ಲಿ ಚೀಲ ಬಿಚ್ಚುವಾಗ ಉಪ್ಪು ಚೆಲ್ಲಿದರೆ ಮೊದಲೆಲ್ಲ ಸುಮ್ನೆ ಗುಡಿಸಿ ಹಾಕುತ್ತಿದ್ದೆ. ಈಗ ಎತ್ತಿಡುತ್ತೇನೆ. ಮಗ ನಗುತ್ತಾನೆ.

ಇಷ್ಟೆಲ್ಲ ಬರೆದದ್ದು ಪ್ರವಾಸ ಕೆಟ್ಟಿತು ಅಂತ ದೂರಲು ಅಲ್ಲ. ಹದಿನಾಲ್ಕು ದಿನ, ಇಷ್ಟು ವರ್ಷದಲ್ಲಿ ನಾವಿಬ್ಬರೇ ಹೋದ ಮೊದಲ ಪ್ರವಾಸ, ಇನ್ನೊಮ್ಮೆ ಹೋಗು ಅಂದರೆ ನಾಳೆಯೇ ಹೊರಡುತ್ತೇವೆ. ಆದರೆ ನಿಮ್ಮ ಪುಟದಲ್ಲಿ 'ಸ್ವರ್ಗ', 'ಕಣ್ಮನ ತಣಿಸುವ' ಅನ್ನುವ ಮಾತು ಸ್ವಲ್ಪ ಕಡಿಮೆ ಮಾಡಿ, ಆ ಜಾಗದಲ್ಲಿ ಯಾವ ತಿಂಗಳು, ಎಷ್ಟು ಲೀಟರ್ ನೀರು, ಶೌಚಾಲಯ ಎಲ್ಲಿ, ಚೀಟಿ ಎಲ್ಲಿ ಸಿಗುತ್ತದೆ ಅಂತ ಬರೆಸಿ. ಬಿಳಿ ನೆಲದ ಫೋಟೊ ಹಾಕಿದಾಗ ಆ ಉಪ್ಪು ತುಳಿಯುವವರ ಕಾಲಿನ ಫೋಟೊವನ್ನೂ ಒಂದು ಮೂಲೆಯಲ್ಲಿ ಹಾಕಿ. ಓದುವವರು ಹೆದರಿ ಮನೆಯಲ್ಲಿ ಕೂರುವುದಿಲ್ಲ. ಪಂಚೆ ಒಂದು ಜಾಸ್ತಿ ಇಟ್ಟುಕೊಂಡು ಹೋಗುತ್ತಾರೆ.

ಮತ್ತೊಂದು. ವಾಪಸು ಬಂದ ಮೇಲೆ ಭಟ್ಟಿಯಲ್ಲಿ ಕೆಲಸ ಮಾಡುವ ಜಗಳೂರು ಕಡೆಯ ಹುಡುಗ ಕೇಳಿದ, 'ಕತ್ತೆ ನೋಡೋಕೆ ಗುಜರಾತಿಗೆ ಹೋಗಿದ್ರಾ ಸಾವ್ಕಾರ್ರೇ? ನಮ್ಮ ರಂಗಯ್ಯನದುರ್ಗದಾಗೆ ಕೊಂಡುಕುರಿ ಐತಲ್ಲ, ನೋಡಿದೀರಾ?' ನೋಡಿಲ್ಲ. ನಾಲ್ಕು ಕೊಂಬಿನ ಆ ಪ್ರಾಣಿಗೆ ಅಂತಲೇ ನಮ್ಮ ಜಿಲ್ಲೆಯಲ್ಲಿ ಅಭಯಾರಣ್ಯ ಇದೆ, ನಾನು ಆ ಕಡೆ ತಲೆ ಹಾಕಿಲ್ಲ. ಅದರ ಬಗ್ಗೆ ಒಂದು ಲೇಖನ ಹಾಕಿ. ಯಾವ ತಿಂಗಳು ಹೋಗಬೇಕು ಅಂತ ಮರೆಯದೆ ಬರೆಸಿ. ಆಯುಧಪೂಜೆ ತಿಂಗಳು ಒಂದು ಬಿಟ್ಟು ಯಾವುದಾದರೂ ನಮಗೆ ಆಗುತ್ತದೆ.

ಇಂತಿ,
ಒಬ್ಬ ಮಂಡಕ್ಕಿ ಭಟ್ಟಿಯವನು
ದಾವಣಗೆರೆ