ಎರಡು ಸ್ಟಾರಿನ ಶಾಲೆ

ಮಾನ್ಯರೇ,

ಅಮೆರಿಕದಲ್ಲಿರುವಂತೆ ನಮ್ಮ ಸರ್ಕಾರಿ ಶಾಲೆಗಳಿಗೂ ಸ್ಟಾರ್ ಕೊಟ್ಟರೆ ಮೇಷ್ಟ್ರುಗಳು ಮೈಬಗ್ಗಿಸಿ ದುಡಿಯುತ್ತಾರೆ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನು ನಾನು. ಸದ್ಯ ಅಮೆರಿಕದ ಒಹಾಯೊ ರಾಜ್ಯದ ಸಣ್ಣ ಊರೊಂದರಲ್ಲಿ ಮಗಳ ಮನೆಯಲ್ಲಿದ್ದೇನೆ.

ಹೋದ ವಾರ ಇಲ್ಲಿನ ಶಾಲಾ ಮಂಡಳಿಯ ಸಭೆಗೆ ಹೋಗಿದ್ದೆ. ಒಂದೂವರೆ ಗಂಟೆ ನಡೆದದ್ದು ಪಾಠದ ಮಾತಲ್ಲ, ಮನೆ ಕಂದಾಯದ ಮಾತು. ಶಾಲೆಯ ಖರ್ಚಿನ ದೊಡ್ಡ ಪಾಲು ಊರಿನ ಆಸ್ತಿ ತೆರಿಗೆಯಿಂದಲೇ ಹುಟ್ಟಬೇಕು. ತೆರಿಗೆ ಹೆಚ್ಚಿಸಲು ಊರಿನವರು ವೋಟು ಹಾಕಿ ಒಪ್ಪಬೇಕು. ಲೆಕ್ಕ 'ಮಿಲ್'ನಲ್ಲಿ. ಮನೆಯ ಬೆಲೆಯಲ್ಲಿ ಶೇ 35ರಷ್ಟನ್ನು ಹಿಡಿದು, ಅದರ ಪ್ರತಿ ಸಾವಿರ ಡಾಲರಿಗೆ ಒಂದು ಡಾಲರ್ ತೆರಿಗೆ ಎಂದರೆ ಒಂದು ಮಿಲ್. ಲಕ್ಷ ಡಾಲರಿನ ಮನೆಗೆ ಐದು ಮಿಲ್ ಎಂದರೆ ವರ್ಷಕ್ಕೆ 175 ಡಾಲರ್. ನಾಲ್ಕು ಲಕ್ಷದ ಮನೆಗಳಿರುವ ಊರಿನಲ್ಲಿ ಅದೇ ಐದು ಮಿಲ್ ಮನೆಯೊಂದಕ್ಕೆ 700 ತರುತ್ತದೆ. ಸಾಲದ್ದಕ್ಕೆ, ಮನೆಗಳ ಬೆಲೆ ಏರಿದರೂ ವೋಟಿನಿಂದ ಬಂದ ತೆರಿಗೆ ಮೊತ್ತ ಏರದಂತೆ 1976ರ ಕಾಯ್ದೆ ಕಟ್ಟಿಹಾಕಿದೆ. ಆಸ್ತಿ ತೆರಿಗೆಯನ್ನೇ ಅತಿಯಾಗಿ ನೆಚ್ಚಿದ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದು ರಾಜ್ಯದ ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿತ್ತು. ಆ ನೆಚ್ಚಿಕೆ ಇನ್ನೂ ತಪ್ಪಿಲ್ಲ.

ಮಗಳ ಈ ಊರಿನಲ್ಲಿ ತೆರಿಗೆ ಹೆಚ್ಚಳ ಎರಡು ಸಲ ವೋಟಿನಲ್ಲಿ ಸೋತಿತು. ಎಂಟನೆಯ ತರಗತಿವರೆಗೆ ದೂರದ ಮಕ್ಕಳಿಗೆ ಬಸ್ಸು ಕೊಡಲೇಬೇಕು, ಮೇಲಿನವರಿಗೆ ಕಡ್ಡಾಯವಿಲ್ಲ. ಹಾಗಾಗಿ ಮೊದಲು ನಿಂತದ್ದು ಹೈಸ್ಕೂಲಿನ ಬಸ್ಸು. ಮೊಮ್ಮಗಳನ್ನು ಅಳಿಯ ಬಿಟ್ಟುಬರುತ್ತಾನೆ. ಕಾರಿಲ್ಲದವರ ಮಕ್ಕಳು ಎಷ್ಟೋ ದಿನ ಬರುವುದೇ ಇಲ್ಲವಂತೆ. ವಿರುದ್ಧ ವೋಟು ಹಾಕಿದ ಪಕ್ಕದ ಮನೆಯ ಹಿರಿಯರನ್ನು ದೂರಲಾರೆ. ಅವರದೂ ನನ್ನಂತೆ ಪಿಂಚಣಿಯ ಬದುಕು.

ಇನ್ನು ಸ್ಟಾರು. ಶಾಲೆಗಳ ವಾರ್ಷಿಕ ವರದಿಯಲ್ಲಿ 'ಸಾಧನೆ'ಗೆ ಬೇರೆ, 'ಪ್ರಗತಿ'ಗೆ ಬೇರೆ ಸ್ಟಾರ್. ಮಕ್ಕಳು ಎಲ್ಲಿದ್ದಾರೆ ಎಂಬುದು ಮೊದಲನೆಯದು, ಎಲ್ಲಿಂದ ಎಲ್ಲಿಗೆ ಬಂದರು ಎಂಬುದು ಎರಡನೆಯದು. ಈ ಊರಿನ ಶಾಲೆಗೆ ಸಾಧನೆಯಲ್ಲಿ ಎರಡು, ಪ್ರಗತಿಯಲ್ಲಿ ನಾಲ್ಕು. ಊರವರ ಬಾಯಲ್ಲಿ ಮಾತ್ರ ಅದು 'ಎರಡು ಸ್ಟಾರಿನ ಶಾಲೆ'. ಮನೆ ಕೊಳ್ಳಲು ಬಂದವರೂ ಅದನ್ನೇ ಕೇಳಿ ಮುಂದಿನ ಊರಿಗೆ ಹೋಗುತ್ತಾರೆ.

ನಾನು ಪಾಠ ಮಾಡುತ್ತಿದ್ದಾಗ, ಭಾಗಾಕಾರ ಬಾರದೆ ಏಳನೆಯ ತರಗತಿಗೆ ಬಂದ ಹುಡುಗರು ವರ್ಷದ ಕೊನೆಗೆ ಭಿನ್ನರಾಶಿ ಕೂಡುವುದನ್ನು ಕಂಡಿದ್ದೇನೆ. ಏಳನೆಯ ತರಗತಿಯ ಪರೀಕ್ಷೆಯಲ್ಲಿ ಅವರು ಫೇಲೇ. ನಮ್ಮಲ್ಲಿ ಸ್ಟಾರ್ ಕೊಡಲೇಬೇಕೆಂದಿದ್ದರೆ ದಯವಿಟ್ಟು ಆ ಎರಡನೆಯ ಸಾಲನ್ನು, 'ಪ್ರಗತಿ'ಯದನ್ನು, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ.

ನಿವೃತ್ತ ಮುಖ್ಯೋಪಾಧ್ಯಾಯ, ತುಮಕೂರು