ಠಾಣೆಗೆ ಒಪ್ಪಿಸಿದ ಕೋವಿಗಳಿಗೆ ತುಕ್ಕು ಹಿಡಿಯದಿರಲಿ

ಮಾನ್ಯ ಸಂಪಾದಕರೇ,

ಚುನಾವಣೆ ಘೋಷಣೆಯಾದ ಕೂಡಲೇ, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳನ್ನು ಠಾಣೆಗೆ ತಂದೊಪ್ಪಿಸಬೇಕೆಂಬ ಸೂಚನೆ ನಮ್ಮ ಮಲೆನಾಡಿನ ರೈತರಿಗೆ ಬರುತ್ತದೆ. ಹಾಗೆ ಒಪ್ಪಿಸುವುದು ಸರಿಯೋ ತಪ್ಪೋ ಎಂಬ ಚರ್ಚೆ ಬಹಳ ಹಳೆಯದು, ಅದನ್ನು ನಾನಿಲ್ಲಿ ಎತ್ತುತ್ತಿಲ್ಲ. ಒಪ್ಪಿಸಿದ ಕೋವಿ ಯಾವ ಸ್ಥಿತಿಯಲ್ಲಿ ಮರಳಿ ನಮ್ಮ ಕೈ ಸೇರುತ್ತದೆ, ಕೆಟ್ಟಿದ್ದರೆ ಅದನ್ನು ರಿಪೇರಿ ಮಾಡಿಸಲು ರೈತ ಎಲ್ಲಿಗೆ ಹೋಗಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ನನ್ನದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಗೆ ಹೋಗುವ ದಾರಿಯ ಬದಿಯಲ್ಲಿರುವ ಅಡಿಕೆ ತೋಟ. ಮನೆಯಲ್ಲಿರುವುದು ಹನ್ನೆರಡು ಬೋರಿನ ಪಂಪ್ ಆಕ್ಷನ್ ಕೋವಿ, ಅಂದರೆ ನಳಿಗೆಯ ಕೆಳಗಿನ ಮುಂಗೈ ಹಿಡಿಯನ್ನು ಹಿಂದೆ ಮುಂದೆ ಎಳೆದು ಕಾಡತೂಸು ಏರಿಸುವ ಬಗೆಯದು. 2024ರ ಲೋಕಸಭಾ ಚುನಾವಣೆಗೆಂದು ಮಾರ್ಚ್ ಕೊನೆಯಲ್ಲಿ ಅದನ್ನು ಚೆನ್ನಾಗಿ ಒರೆಸಿ, ಎಣ್ಣೆ ಸವರಿ, ಠಾಣೆಯೊಂದಕ್ಕೆ ಒಪ್ಪಿಸಿದ್ದೆ. ನಮ್ಮಲ್ಲಿ ಮತದಾನ ನಡೆದದ್ದು ಮೇ 7ರಂದು, ಎಣಿಕೆ ಜೂನ್ 4ರಂದು. ನನಗೆ ಕೋವಿ ಸಿಗುವಷ್ಟರಲ್ಲಿ ಮೃಗಶಿರಾ ಮಳೆ ಬಲವಾಗಿ ಹಿಡಿದಿತ್ತು. ಮನೆಗೆ ತಂದು ಬಿಚ್ಚಿ ನೋಡಿದರೆ, ಗುರುತಿಗೆಂದು ಕೋವಿಯ ಮೈಗೆ ಅಂಟಿಸಿದ್ದ ಚೀಟಿಯ ಕೆಳಗೆ ಚೀಟಿಯ ಅಳತೆಯಲ್ಲೇ ಚೌಕಾಕಾರದ ತುಕ್ಕು ಕೂತಿತ್ತು. ಕಾಡತೂಸು ತುಂಬುವ ಕೊಳವೆಯ ಮುಚ್ಚಳ ತಿರುಗಿಸಿ ಒಳಗಿನ ಸ್ಪ್ರಿಂಗನ್ನು ಎಳೆದಾಗ ಅದರ ಏಳೆಂಟು ಸುರುಳಿಗಳು ಒಂದಕ್ಕೊಂದು ಕಚ್ಚಿಕೊಂಡು ಬಂದವು, ಬಿಡಿಸಲು ಹೋದರೆ ಒಂದು ಕಡೆ ಮುರಿದೇ ಹೋಯಿತು. ಠಾಣೆಯ ಸಿಬ್ಬಂದಿಯನ್ನು ನಾನು ದೂರುವುದಿಲ್ಲ, ಅವರು ಅದನ್ನು ಜೋಪಾನವಾಗಿಯೇ ಬೀಗ ಹಾಕಿ ಇಟ್ಟಿದ್ದರು. ಒಳಗೆ ಸ್ಪಂಜಿರುವ ರೆಕ್ಸಿನ್ ಚೀಲದಲ್ಲಿ ನಾನೇ ಹಾಕಿಕೊಟ್ಟದ್ದು ದೊಡ್ಡ ತಪ್ಪು. ಸ್ಪಂಜು ಶೀತವನ್ನು ಹೀರಿಕೊಂಡು ಎರಡೂವರೆ ತಿಂಗಳು ಕಬ್ಬಿಣಕ್ಕೆ ಒತ್ತಿ ಹಿಡಿದಿತ್ತು.

ಪಂಪ್ ಆಕ್ಷನ್ ಕೋವಿ ಬಹಳ ಗಟ್ಟಿ ಎಂಬ ಮಾತು ಸುಳ್ಳಲ್ಲ. ಗುರಿ ಸ್ಪರ್ಧೆಗಳಲ್ಲಿ ಇದೇ ಬಗೆಯ ಕೋವಿಗಳು ಹತ್ತಾರು ಸಾವಿರ ಈಡು ಹಾರಿಸಿಯೂ ಕೆಲಸ ಮಾಡುತ್ತವೆ. ನಮ್ಮಂಥ ರೈತ ಇಪ್ಪತ್ತು ವರ್ಷಗಳಲ್ಲಿ ಹಾರಿಸುವುದು ಹೆಚ್ಚೆಂದರೆ ಐದಾರು ನೂರು ಈಡು, ಅದೂ ಬಹುಪಾಲು ಹಂದಿ, ಮಂಗಗಳನ್ನು ಬೆದರಿಸಲು ಆಕಾಶಕ್ಕೆ. ಅಷ್ಟಕ್ಕೆ ನಳಿಗೆ ಸವೆಯುವುದಿಲ್ಲ. ಕೆಡುವುದು ಸಣ್ಣ ಭಾಗಗಳು: ಖಾಲಿ ಕಾಡತೂಸಿನ ಅಂಚನ್ನು ಹಿಡಿದೆಳೆಯುವ ಕೊಕ್ಕೆ ಮತ್ತು ಅದರ ಹಿಂದಿನ ಪುಟ್ಟ ಸ್ಪ್ರಿಂಗ್, ಅದನ್ನು ಹೊರಗೆಸೆಯುವ ಎಜೆಕ್ಟರ್, ಒಂದು ಸಲಕ್ಕೆ ಒಂದೇ ಕಾಡತೂಸನ್ನು ಬಿಡುವ ತಡೆಪಟ್ಟಿ, ಈಡು ಸಿಡಿಸಲು ಕಾಡತೂಸಿನ ಬುಡಕ್ಕೆ ಬಡಿಯುವ ಫೈರಿಂಗ್ ಪಿನ್. ಮುಂಗೈ ಹಿಡಿ ಸ್ವಲ್ಪ ಲಟಲಟ ಅಲ್ಲಾಡಿದರೆ ಕೋವಿ ಕೆಟ್ಟಿತೆಂದು ಕೆಲವರು ಗಾಬರಿಯಾಗುತ್ತಾರೆ, ಈ ಬಗೆಯಲ್ಲಿ ಅಷ್ಟು ಸಡಿಲ ಸಹಜ. ಕೋವಿಯ ಮೈ, ಅಂದರೆ ಯಂತ್ರಭಾಗಗಳು ಕೂರುವ ನಡುಭಾಗ, ಅಲ್ಯುಮಿನಿಯಂ ಆದರೆ ಬಾಳಿಕೆ ಬಾರದು ಎಂಬ ಅಂಜಿಕೆಯೂ ಬೇಡ. ಅಮೆರಿಕದ ಪಂಪ್ ಕೋವಿಗಳಲ್ಲಿ ಮಾಸ್‌ಬರ್ಗ್ 500ರ ಮೈ ಅಲ್ಯುಮಿನಿಯಂ ಮಿಶ್ರಲೋಹದ್ದು, ರೆಮಿಂಗ್ಟನ್ 870ರದ್ದು ಉಕ್ಕಿನದು. ಆದರೆ ಎರಡರಲ್ಲೂ ಈಡಿನ ಒತ್ತಡವನ್ನು ಹೊರುವುದು ಮೈಯಲ್ಲ, ಕಾಡತೂಸಿನ ಹಿಂದೆ ನಿಂತು ನಳಿಗೆಯನ್ನು ಮುಚ್ಚುವ ಬೋಲ್ಟಿನ ಬೀಗವೂ ಅದು ಕಚ್ಚಿಕೊಳ್ಳುವ, ನಳಿಗೆಯ ಹಿಂತುದಿಯ ಉಕ್ಕಿನ ತೋಡೂ. ನಿಜವಾಗಿ ಹೆದರಬೇಕಾದದ್ದು ಆ ಜಾಗ ಸವೆದರೆ ಅಥವಾ ತುಕ್ಕು ತಿಂದು ಗುಂಡಿ ಬಿದ್ದರೆ. ಖಾಲಿ ಕಾಡತೂಸಿನ ಹಿತ್ತಾಳೆ ಬುಡ ಉಬ್ಬಿ ಬರುತ್ತಿದ್ದರೆ, ನಡುವಿನ ಪ್ರೈಮರ್ (ಪಿನ್ ಬಡಿದಾಗ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಹಿಂದಕ್ಕೆ ಎದ್ದು ನಿಂತಿದ್ದರೆ, ಅಂಥ ಕೋವಿಯಿಂದ ಮತ್ತೊಂದು ಈಡು ಹಾರಿಸಲೇಬಾರದು.

ಹಿಂದಿನವರ ಒಂಟಿ ನಳಿಗೆ ಕೋವಿಯಲ್ಲಿ ಇಷ್ಟೊಂದು ಸಣ್ಣ ಭಾಗಗಳಿರಲಿಲ್ಲ. ನಳಿಗೆ ಮಡಚಿದರೆ ಒಳಗೆಲ್ಲ ಕಾಣುತ್ತಿತ್ತು, ಒಂದು ಬಟ್ಟೆ ಎಳೆದರೆ ಮುಗಿಯಿತು. ಪಂಪ್ ಕೋವಿಯಲ್ಲಿ ತುಕ್ಕು ಕಣ್ಣಿಗೆ ಬೀಳದ ಕಡೆ ಕೂರುತ್ತದೆ. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಬರುವಾಗ, ಬಿಚ್ಚಿ ನೋಡದ ಕೋವಿಯ ಗತಿ ಹೇಳಬೇಕೇ? ಇದಕ್ಕೆ ನಮ್ಮದೇ ಒಂದು ರೂಢಿಯೂ ಸೇರಿಕೊಂಡಿದೆ: ಕೊಬ್ಬರಿ ಎಣ್ಣೆ ಹಚ್ಚುವುದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಳೆಗಾಲದ ಬೆಳಗಿನ ಜಾವ ಅದು ಬೋಲ್ಟಿನೊಳಗೆ ಹೆಪ್ಪುಗಟ್ಟಿ ಫೈರಿಂಗ್ ಪಿನ್ನಿನ ಓಟವನ್ನೇ ತಡೆಯಬಹುದು. ಹೊಲಿಗೆ ಯಂತ್ರದ ತೆಳು ಎಣ್ಣೆ ಅದಕ್ಕಿಂತ ಎಷ್ಟೋ ಮೇಲು.

ಇನ್ನು ರಿಪೇರಿಯ ಪಾಡು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದವರು ವೃತ್ತಿಯಾಗಿ ಕೋವಿ ರಿಪೇರಿ ಮಾಡುವಂತಿಲ್ಲ. ಕಾನೂನು ಸರಿಯಾಗಿಯೇ ಇದೆ. ಆದರೆ ಮೂವತ್ತು ರೂಪಾಯಿಯ ಸ್ಪ್ರಿಂಗಿಗಾಗಿ ರೈತ ಒಂದು ದಿನದ ಕೆಲಸ ಬಿಟ್ಟು ದೂರದ ಪಟ್ಟಣಕ್ಕೆ ಹೋಗಿ, ಅಲ್ಲಿಯೂ ‘ಭಾಗ ಬಂದಾಗ ತಿಳಿಸುತ್ತೇವೆ’ ಎಂಬ ಉತ್ತರ ಕೇಳಿ ಬರಬೇಕಾಗಿದೆ. ಎಜೆಕ್ಟರನ್ನು ಒಂದೇ ಸ್ಕ್ರೂ ಬಿಚ್ಚಿ ಬದಲಿಸಬಹುದಾದ ಕೋವಿಗಳೂ ಇವೆ, ಅದನ್ನು ರಿವೆಟ್ ಹೊಡೆದು ಕೂರಿಸಿದವೂ ಇವೆ. ಎರಡನೆಯ ಬಗೆಯದನ್ನು ಕೈಯಳತೆಯಲ್ಲಿ ಯಾರೂ ಸರಿಪಡಿಸಲಾರರು. ಬೇಸತ್ತ ಕೆಲವರು ಮರಳು ಕಾಗದ ಹಿಡಿದು ತುಕ್ಕನ್ನು ತಾವೇ ಉಜ್ಜಲು ಕೂರುತ್ತಾರೆ. ಹಾಗೆ ಉಜ್ಜುವಾಗ ಕೋವಿಯ ಮೇಲಿನ ನಂಬರು ಅಳಿಸಿಹೋದರೆ, ಗುರುತು ಅಳಿಸುವುದನ್ನೇ ಅಪರಾಧವೆನ್ನುವ ಅದೇ ಕಾಯ್ದೆಯ ಮುಂದೆ ಬಡ ರೈತ ಏನು ಸಮಜಾಯಿಷಿ ಕೊಟ್ಟಾನು?

ಜಿಲ್ಲಾಡಳಿತ ಮನಸ್ಸು ಮಾಡಿದರೆ ಇದರಲ್ಲಿ ಕಷ್ಟದ ಕೆಲಸ ಯಾವುದೂ ಇಲ್ಲ. ಒಪ್ಪಿಸುವಾಗ ಕೊಡುವ ರಸೀದಿಯಲ್ಲಿ ನಂಬರಿನ ಜೊತೆಗೆ ಕೋವಿಯ ಸ್ಥಿತಿಯನ್ನೂ ಎರಡು ಸಾಲಿನಲ್ಲಿ ಬರೆಯಲಿ. ಅಂಟುಚೀಟಿಯ ಬದಲು ಕುದುರೆಯ (ಟ್ರಿಗರಿನ) ಸುತ್ತಲಿನ ಬಳೆಗೆ ದಾರ ಕಟ್ಟಿದ ರಟ್ಟಿನ ಗುರುತು ಸಾಕು. ಚೀಲದಿಂದ ಹೊರತೆಗೆದು, ಗಾಳಿಯಾಡುವಂತೆ ಮರದ ಚೌಕಟ್ಟಿನಲ್ಲಿ ನಿಲ್ಲಿಸಲಿ. ತಿಂಗಳಿಗೊಮ್ಮೆ ಪೊಲೀಸರ ಎದುರಿನಲ್ಲಿಯೇ ಒರೆಸಿ ಎಣ್ಣೆ ಹಾಕಲು ಮಾಲೀಕನಿಗೆ ಅರ್ಧ ಗಂಟೆ ಅವಕಾಶ ಸಿಗಲಿ. 2019ರ ತಿದ್ದುಪಡಿಯ ನಂತರ ಪರವಾನಗಿ ನವೀಕರಣ ಐದು ವರ್ಷಕ್ಕೊಮ್ಮೆ ಆಗಿರುವುದರಿಂದ, ಅಷ್ಟು ಕಾಲ ಕೋವಿಯ ಒಳಗನ್ನು ತಿಳಿದವರಾರೂ ನೋಡದೇ ಹೋಗುವ ಸಂಭವವಿದೆ. ಆದ್ದರಿಂದ ಪ್ರತಿ ವರ್ಷ ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮೊದಲು, ಪರವಾನಗಿ ಇರುವ ರಿಪೇರಿಗಾರರನ್ನು ಒಂದು ದಿನದ ಮಟ್ಟಿಗೆ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬಗಳಿಗೆ ಕರೆಸಲಿ. ಅವರ ಕೂಲಿಯನ್ನೂ ಭಾಗಗಳ ಬೆಲೆಯನ್ನೂ ಕೊಡಲು ನಾವು ಸಿದ್ಧ.

ಅವಧಿ ಮುಗಿದು ವರ್ಷಗಳೇ ಕಳೆದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಚುನಾವಣೆ ಯಾವಾಗ ಘೋಷಣೆಯಾದರೂ ನಮ್ಮ ಕೋವಿಗಳು ಮತ್ತೆ ಠಾಣೆ ಸೇರಬೇಕಾಗಬಹುದು. ಅದಕ್ಕಿಂತ ಮೊದಲೇ ಈ ಬಗ್ಗೆ ಒಂದು ಸುತ್ತೋಲೆ ಹೊರಡಲಿ ಎಂದು ಕೋರುತ್ತೇನೆ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು